ಹಾರಿದ ನೀರು ಎಲ್ಲಿಗೆ ಹೋಗುತ್ತದೆ?

ಶಹಾಪುರ ಮತ್ತು ಸುರಪುರಗಳ ನಡುವಿನ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಇತ್ತೀಚೆಗೆ ಸಭೆಯೊಂದು ಸೇರಿತ್ತು. ದೇವಾಲಯದ ಅಂಗಳದಲ್ಲಿ ಮಾತೆ ಮರಿಯಮ್ಮನವರ ಗವಿಯನ್ನು ಕಟ್ಟಬೇಕು, ಅದರ ಮುಂದೆ ಒಂದು ಕಾರಂಜಿ ಚಿಮ್ಮಬೇಕು ಎಂಬುದು ಅಂದಿನ ವಿಷಯ. 2025ರ ಜ್ಯೂಬಿಲಿ ವರ್ಷದಲ್ಲಿ ರೋಮಿಗೆ ಯಾತ್ರೆ ಹೋಗಿ ಬಂದಿದ್ದ ಹಿರಿಯರೊಬ್ಬರು ತಮ್ಮ ಮೊಬೈಲಿನಲ್ಲಿದ್ದ ಚಿತ್ರವನ್ನು ಎಲ್ಲರಿಗೂ ತೋರಿಸಿದರು. ಅದು ಪಿಯಾಜಾ ನವೋನಾ ಎಂಬ ಚೌಕದಲ್ಲಿರುವ ನಾಲ್ಕು ನದಿಗಳ ಕಾರಂಜಿ. "ಇಷ್ಟು ದೊಡ್ಡದು ಬ್ಯಾಡ್ರಿ, ಇದರ ಹಂಗ ಒಂದು ಸಣ್ಣದು ಸಾಕು" ಎಂದು ಅವರು ಹೇಳಿದಾಗ ಸಭೆ ತಲೆದೂಗಿತು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಚಂದ ಅದ ಬಿಡ್ರಿ. ಆದ್ರ ಫಾದರ್, ಹಾರಿದ ನೀರು ಎಲ್ಲಿಗಿ ಹೋಗ್ತದ?" ಎಂದು ಕೇಳಿದರು.

ಕೆಲವರು ನಕ್ಕರು. ಗುರುಗಳು ನಗಲಿಲ್ಲ. ನನಗೂ ನಗು ಬರಲಿಲ್ಲ. ಆ ಕಾರಂಜಿಯ ಮುಂದೆ ನಾನೂ ಹಿಂದೊಮ್ಮೆ ಯಾತ್ರಿಕರ ತಂಡದೊಡನೆ ನಿಂತಿದ್ದೆ. ಶಿಲ್ಪವನ್ನು ನೋಡಿದ್ದೆ, ಶಿಲ್ಪಿಯ ಹೆಸರನ್ನು ಬರೆದುಕೊಂಡಿದ್ದೆ. ಆದರೆ ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಕಾರಂಜಿಯೊಂದನ್ನು ವಿಮರ್ಶಿಸಲು ಅಜ್ಜಿಯ ಮಾತಿಗಿಂತ ಒಳ್ಳೆಯ ಅಳತೆಗೋಲು ನನಗೆ ಇದುವರೆಗೆ ಸಿಕ್ಕಿಲ್ಲ. ಅದನ್ನೇ ಕೈಯಲ್ಲಿ ಹಿಡಿದು ರೋಮಿನ ಆ ಕಾರಂಜಿಯನ್ನೂ, ನಮ್ಮ ನೆರೆಯ ಕುಮಟಗಿಯ ಕಾರಂಜಿಯನ್ನೂ ಇಲ್ಲಿ ಇನ್ನೊಮ್ಮೆ ನೋಡಲು ಯತ್ನಿಸುತ್ತೇನೆ.

ಪಿಯಾಜಾ ನವೋನಾ ಉದ್ದನೆಯ ಚೌಕ. ಪ್ರಾಚೀನ ಕಾಲದಲ್ಲಿ ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ್ದ ಓಟದ ಕ್ರೀಡಾಂಗಣದ ಆಕಾರವನ್ನೇ ಅದು ಇಂದಿಗೂ ಉಳಿಸಿಕೊಂಡಿದೆ. ಚೌಕದ ನಡುವೆ ಟ್ರಾವರ್ಟಿನ್ ಎಂಬ ಸುಣ್ಣದ ಕಲ್ಲಿನ ಒಂದು ಬಂಡೆ. ಬಂಡೆಯ ಮೇಲೆ ಒಬೆಲಿಸ್ಕ್ ಎಂದು ಕರೆಯುವ ಏಕಶಿಲೆಯ ಸ್ತಂಭ. ಬಂಡೆಯ ನಾಲ್ಕು ಮೂಲೆಗಳಲ್ಲಿ ಬಿಳಿಯ ಅಮೃತಶಿಲೆಯ ನಾಲ್ವರು ಬೃಹದ್ದೇಹಿಗಳು. ಅವರು ಆಗ ಪರಿಚಿತವಾಗಿದ್ದ ನಾಲ್ಕು ಖಂಡಗಳ ನಾಲ್ಕು ನದಿಗಳು: ಯೂರೋಪಿನ ಡ್ಯಾನ್ಯೂಬ್, ಆಫ್ರಿಕಾದ ನೈಲ್, ಅಮೆರಿಕದ ರಿಯೊ ಡಿ ಲಾ ಪ್ಲಾಟಾ ಮತ್ತು ಏಷ್ಯಾದ ಗಂಗೆ. ಇದನ್ನು ರೂಪಿಸಿದವನು ಬರೋಕ್ ಶೈಲಿಯ ಮಹಾಶಿಲ್ಪಿ ಜಾನ್ ಲೊರೆಂಜೊ ಬೆರ್ನಿನಿ. ಕಟ್ಟಿಸಿದವರು ಪೋಪ್ ಹತ್ತನೆಯ ಇನ್ನೊಸೆಂಟ್. ಕೆಲಸ 1648ರಲ್ಲಿ ಆರಂಭವಾಗಿ 1651ರಲ್ಲಿ ಮುಗಿಯಿತು.

ಈ ಕೃತಿಯ ಮೊದಲ ಗುಣವೆಂದರೆ, ಇದನ್ನು ನಿಂತಲ್ಲಿಂದ ನೋಡಲಾಗದು. ನಾಲ್ಕು ನದಿಗಳೂ ಒಂದೇ ಕಡೆಯಿಂದ ಕಾಣುವುದಿಲ್ಲ. ಒಂದು ನದಿಯ ತೋಳು ಇನ್ನೊಂದು ನದಿಯತ್ತ ನಮ್ಮನ್ನು ಎಳೆಯುತ್ತದೆ. ನೈಲ್ ನದಿಯ ಮುಖ ಬಟ್ಟೆಯಿಂದ ಮುಚ್ಚಿದೆ, ಏಕೆಂದರೆ ಅದರ ಮೂಲ ಆಗ ಯೂರೋಪಿಗೆ ತಿಳಿದಿರಲಿಲ್ಲ. ಪ್ಲಾಟಾ ನದಿ ಗಾಬರಿಗೊಂಡಂತೆ ಕೈಯೆತ್ತಿದೆ. ಬಂಡೆಯ ಸಂದಿನಲ್ಲಿ ನೀರು ಕುಡಿಯಲು ಬಾಗಿದ ಸಿಂಹ, ಇನ್ನೊಂದೆಡೆ ನುಗ್ಗಿ ಬರುವ ಕುದುರೆ, ಮೇಲೆ ಗಾಳಿಗೆ ಬಾಗಿದ ತಾಳೆಮರ. ಭಕ್ತನು ಗುಡಿಯನ್ನು ಸುತ್ತುವಂತೆ ನೋಡುಗ ಇದನ್ನು ಸುತ್ತಲೇಬೇಕು. ಎರಡನೆಯ ಗುಣ ಇನ್ನೂ ದಿಟ್ಟತನದ್ದು. ಅಷ್ಟು ಭಾರದ ಸ್ತಂಭದ ಕೆಳಗೆ ಬಂಡೆಯನ್ನು ಬೆರ್ನಿನಿ ಟೊಳ್ಳಾಗಿ ಕೊರೆದಿದ್ದಾನೆ. ಈ ಬದಿಯಿಂದ ಆ ಬದಿಗೆ ಬೆಳಕು ಹಾಯುತ್ತದೆ, ಕಲ್ಲು ಶೂನ್ಯದ ಮೇಲೆ ನಿಂತಂತೆ ತೋರುತ್ತದೆ.

ಪ್ಲಾಟಾ ನದಿ ಕೈಯೆತ್ತಿರುವುದಕ್ಕೆ ಮಾರ್ಗದರ್ಶಕರು ಒಂದು ಕಥೆ ಹೇಳುತ್ತಾರೆ. ಎದುರಿಗಿರುವ ಸಂತ ಆಗ್ನೇಸಳ ದೇವಾಲಯವನ್ನು ಕಟ್ಟಿದವನು ಬೆರ್ನಿನಿಯ ಪ್ರತಿಸ್ಪರ್ಧಿ ಬೊರೊಮಿನಿ. ಅದು ತನ್ನ ಮೇಲೆ ಬಿದ್ದೀತೆಂದು ನದಿ ಹೆದರಿದೆಯಂತೆ. ಕೇಳಲು ಸೊಗಸಾಗಿದೆ, ಆದರೆ ಆ ದೇವಾಲಯದ ಕಟ್ಟಡ ಆರಂಭವಾದದ್ದೇ 1652ರಲ್ಲಿ. ಕಾರಂಜಿ ಅದಕ್ಕಿಂತ ಒಂದು ವರ್ಷ ಹಿರಿಯದು.

ನನ್ನ ಕಾಲು ಹೆಚ್ಚು ಹೊತ್ತು ನಿಂತದ್ದು ಸಹಜವಾಗಿಯೇ ಗಂಗೆಯ ಮುಂದೆ. ಅದನ್ನು ಕೆತ್ತಿದವನು ಕ್ಲೋಡ್ ಪೂಸಾಂ ಎಂಬ ಫ್ರೆಂಚ್ ಶಿಲ್ಪಿ. ಗಡ್ಡ ಬಿಟ್ಟ ಪುರುಷನೊಬ್ಬ ಉದ್ದನೆಯ ಹುಟ್ಟು ಹಿಡಿದು ಕುಳಿತಿದ್ದಾನೆ. ಆ ನದಿಯಲ್ಲಿ ದೋಣಿಗಳು ಸಂಚರಿಸುತ್ತವೆ ಎಂಬುದು ಹುಟ್ಟಿನ ಅರ್ಥ. ನದಿಯನ್ನು ಪುರುಷನಾಗಿ ಕಾಣುವುದು ರೋಮಿನ ಹಳೆಯ ಸಂಪ್ರದಾಯ. ಆದರೆ ಭೀಮೆ ಮತ್ತು ಕೃಷ್ಣೆಯರ ನಡುವಿನ ನಾಡಿನವನಿಗೆ ಇದು ಒಪ್ಪುವ ಮಾತಲ್ಲ. ನಮ್ಮಲ್ಲಿ ಕೊಳವೆ ಬಾವಿಯಲ್ಲಿ ನೀರು ಬಿದ್ದರೆ ಕ್ರೈಸ್ತರ ಮನೆಯಲ್ಲೂ "ಗಂಗಮ್ಮ ಬಂದಳು" ಎನ್ನುತ್ತೇವೆ. ನೀರೆಂದರೆ ನಮಗೆ ತಾಯಿ. ಅದನ್ನು ಹೊತ್ತು ತರುವವಳೂ ತಾಯಿ. ಬೆರ್ನಿನಿಯ ಗಂಗೆಯ ಕೈಯಲ್ಲಿ ಹುಟ್ಟಿದೆ, ಕೊಡವಿಲ್ಲ. ದೂರದ ನದಿಯನ್ನು ನಕ್ಷೆಯಲ್ಲಿ ನೋಡಿದವರಿಗೆ ಅದು ವ್ಯಾಪಾರದ ದಾರಿಯಾಗಿ ಕಾಣುತ್ತದೆ. ದಂಡೆಯ ಮೇಲೆ ಬದುಕುವವರಿಗೆ ಅದು ಬಾಯಿಗೆ ಬರುವ ಗುಟುಕು. ಇಷ್ಟು ದೊಡ್ಡ ಕೃತಿಯಲ್ಲಿ ನೀರು ಕುಡಿಯುತ್ತಿರುವ ಒಬ್ಬ ಮನುಷ್ಯನೂ ಇಲ್ಲ ಎಂಬುದನ್ನು ನಾನು ಗಮನಿಸಿದೆ. ಕುಡಿಯಲು ಬಾಗಿರುವುದು ಸಿಂಹ ಮಾತ್ರ.

ಸ್ತಂಭದ ತುದಿಯಲ್ಲಿ ಆಲಿವ್ ಎಲೆಯನ್ನು ಕಚ್ಚಿದ ಪಾರಿವಾಳವಿದೆ. ನಾಲ್ಕು ಖಂಡಗಳ ಮೇಲೂ ಇಳಿಯುವ ಶಾಂತಿ ಎಂದು ನಾವು ಓದಬಹುದು. ಹಾಗೆ ಓದುವುದು ತಪ್ಪಲ್ಲ. ಆದರೆ ಪಾರಿವಾಳ ಇನ್ನೊಸೆಂಟರ ಪಾಂಫಿಲಿ ಮನೆತನದ ಲಾಂಛನವೂ ಹೌದು, ಆ ಮನೆತನದ ಅರಮನೆ ಇದೇ ಚೌಕಕ್ಕೆ ಮುಖ ಮಾಡಿದೆ. ಪವಿತ್ರಾತ್ಮನ ಗುರುತೂ ಮನೆತನದ ಗುರುತೂ ಒಂದೇ ಹಕ್ಕಿಯಲ್ಲಿ ಬೆರೆತಿವೆ. ಎಲ್ಲಿ ಭಕ್ತಿ ಮುಗಿಯುತ್ತದೆ, ಎಲ್ಲಿ ಮನೆತನದ ಹೆಮ್ಮೆ ಆರಂಭವಾಗುತ್ತದೆ ಎಂದು ಹೇಳಲಾಗದಂತೆ ಬೆರೆಸಿರುವುದು ಆ ಕಾಲದ ಕಲೆಯ ಜಾಣತನ. ನಮ್ಮ ದೇವಾಲಯಗಳ ಬೆಂಚು, ಗಂಟೆ, ಬಾಗಿಲುಗಳ ಮೇಲೆ ದಾನಿಗಳ ಹೆಸರನ್ನು ಕೆತ್ತಿಸುವ ನಾವು ಅದನ್ನು ನೋಡಿ ನಗಬೇಕಾಗಿಲ್ಲ.

ಇನ್ನೂ ಕಹಿಯಾದ ಒಂದು ಸಂಗತಿಯಿದೆ. ಈ ಕಾರಂಜಿ ಏಳುತ್ತಿದ್ದಾಗ ರೋಮಿನಲ್ಲಿ ಆಹಾರದ ಅಭಾವ. ಕೆಲಸದ ಖರ್ಚಿಗಾಗಿ ರೊಟ್ಟಿಯ ಮೇಲೂ ತೆರಿಗೆ ಬಿತ್ತು. ಚೌಕದ ಹತ್ತಿರವೇ ಪಾಸ್ಕ್ವೀನೊ ಎಂಬ ಮುರುಕು ವಿಗ್ರಹವೊಂದಿದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಚೀಟಿಯಲ್ಲಿ ಬರೆದು ಅದಕ್ಕೆ ಅಂಟಿಸುವುದು ರೋಮಿನ ಜನರ ಪದ್ಧತಿ. ಆಗಲೂ ಚೀಟಿಗಳು ಕಾಣಿಸಿಕೊಂಡವು. ನಮಗೆ ಬೇಕಾದದ್ದು ಸ್ತಂಭವಲ್ಲ, ಕಾರಂಜಿಯಲ್ಲ, ರೊಟ್ಟಿ ಎಂಬುದು ಅವುಗಳ ತಾತ್ಪರ್ಯ. ಇದು ನಮ್ಮ ಮನೆಯದೇ ಚರಿತ್ರೆ. ಇದನ್ನು ಮುಚ್ಚಿಟ್ಟು ಕಾರಂಜಿಯನ್ನು ಹೊಗಳುವುದು ಪ್ರಾಮಾಣಿಕ ವಿಮರ್ಶೆಯಾಗದು. ಕಲ್ಲು ಎಷ್ಟೇ ಸುಂದರವಾಗಿರಲಿ, ಅದರ ಬೆಲೆಯನ್ನು ಹಸಿದವನ ತಟ್ಟೆಯಿಂದ ತೆಗೆದದ್ದು ನಿಜ.

ಹಾಗಾದರೆ ಕಾರಂಜಿಯನ್ನು ತಿರಸ್ಕರಿಸಬೇಕೆ? ಇಲ್ಲಿಯೇ ಅಜ್ಜಿಯ ಪ್ರಶ್ನೆ ನೆರವಿಗೆ ಬರುತ್ತದೆ. ಈ ಚೌಕಕ್ಕೆ ಬಂದ ನೀರು ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ಕಟ್ಟಿಸಿದ ಹಳೆಯ ನಾಲೆಯದು. ಶತಮಾನಗಳ ನಂತರ ಪೋಪರು ದುರಸ್ತಿ ಮಾಡಿಸಿದ ಆ ನಾಲೆಗೆ ಆಕ್ವಾ ವೆರ್ಜಿನೆ ಎಂದು ಹೆಸರು. ಅದರಲ್ಲಿ ನೀರು ಭೂಮಿಯ ಇಳಿಜಾರಿನಿಂದಲೇ ಹರಿದು ಬರುತ್ತಿತ್ತು. ಚೌಕ ಸಂತೆಯ ಸ್ಥಳವಾಗಿತ್ತು. ಅದಕ್ಕೆ ಬೇಲಿಯಿರಲಿಲ್ಲ, ಬಾಗಿಲಿರಲಿಲ್ಲ. ಆಗಸ್ಟ್ ತಿಂಗಳ ಉರಿಬಿಸಿಲಿನ ವಾರಾಂತ್ಯಗಳಲ್ಲಿ ನೀರು ಹೋಗುವ ಕಿಂಡಿಗಳನ್ನು ಮುಚ್ಚಿ ಇಡೀ ಚೌಕವನ್ನು ಕೆರೆ ಮಾಡುತ್ತಿದ್ದರು. ಶ್ರೀಮಂತರ ಗಾಡಿಗಳು ನೀರನ್ನು ಸೀಳುತ್ತ ಸಾಗುತ್ತಿದ್ದವು, ಬೀದಿಯ ಮಕ್ಕಳು ಅದೇ ನೀರಿನಲ್ಲಿ ಕುಣಿಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ತನಕ ಈ ಪದ್ಧತಿ ನಡೆಯಿತು. ರೊಟ್ಟಿಗೆ ತೆರಿಗೆ ಕೊಟ್ಟವರ ಮೊಮ್ಮಕ್ಕಳಿಗೆ ನೀರು ಹೀಗೆ ಮರಳಿ ಸಿಕ್ಕಿತು. ಅದರಿಂದ ಹಳೆಯ ಅನ್ಯಾಯ ಅಳಿಯುವುದಿಲ್ಲ. ಆದರೆ ಕಾರಂಜಿ ಪಾಂಫಿಲಿ ಮನೆತನದ್ದಾಗಿ ಉಳಿಯದೆ ಊರಿನದಾಯಿತು. ಅದನ್ನು ಉಳಿಸಿದ್ದು ಬೆರ್ನಿನಿಯ ಉಳಿ ಎಷ್ಟೋ, ಬಾಗಿಲಿಲ್ಲದ ಚೌಕವೂ ಅಷ್ಟೇ.

ಈಗ ರೋಮಿನಿಂದ ನಮ್ಮ ಸೀಮೆಗೆ ಬರೋಣ. ಕಾರಂಜಿ ನೋಡಲು ನಾವು ವಿಮಾನ ಹತ್ತಬೇಕಾಗಿಲ್ಲ. ಸಿಂದಗಿಯ ಮೇಲಿಂದ ವಿಜಯಪುರಕ್ಕೆ ಹೋಗುವ ರಸ್ತೆಯಲ್ಲಿ, ವಿಜಯಪುರ ಇನ್ನೂ ಸುಮಾರು 20 ಕಿಲೋಮೀಟರ್ ಇರುವಾಗ, ಕುಮಟಗಿ ಎಂಬ ಹಳ್ಳಿ ಸಿಗುತ್ತದೆ. ಗೋಳಗುಮ್ಮಟಕ್ಕೆ ಹೊರಟ ನಮ್ಮ ಬಸ್ಸುಗಳು ಅಲ್ಲಿ ನಿಲ್ಲುವುದು ಅಪರೂಪ. ನಿಲ್ಲಬೇಕು. ಅದು ಆದಿಲ್‌ಶಾಹಿ ಅರಸರ ಬೇಸಿಗೆಯ ವಿಹಾರಸ್ಥಾನ. ನೀರಿನ ಹೊಂಡದ ನಡುವೆ ಒಂದು ಪುಟ್ಟ ಮಂಟಪ, ಅದಕ್ಕೆ ಹೋಗಲು ಕಿರಿದಾದ ಸೇತುವೆ. ಇನ್ನೊಂದು ಕಟ್ಟಡದ ಗೋಡೆಗಳ ಮೇಲೆ ಬಣ್ಣದ ಚಿತ್ರಗಳ ಅವಶೇಷ: ಕುದುರೆಯೇರಿ ಚೌಗಾನ್ ಚೆಂಡಾಟ ಆಡುವವರು, ಕುಸ್ತಿಯ ಪೈಲವಾನರು. ಕಾಲ ಅವನ್ನು ಮಸುಕಾಗಿಸಿದೆ. ಹೆಸರು ಗೀಚುವ ಕೈಗಳು ಉಳಿದದ್ದನ್ನೂ ಕೆಡಿಸಿವೆ.

ಆದರೆ ಕುಮಟಗಿಯ ನಿಜವಾದ ಕೃತಿ ಚಿತ್ರವಲ್ಲ, ನೀರು. ಪಕ್ಕದ ಕೆರೆಯ ನೀರನ್ನು ಎತ್ತರದ ಗೋಪುರಗಳಿಗೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಮಂಟಪಗಳಿಗೆ ಹರಿಸುತ್ತಿದ್ದರು. ಎತ್ತರದಿಂದ ಇಳಿದ ನೀರು ತನ್ನ ಒತ್ತಡದಿಂದಲೇ ಕಾರಂಜಿಯಾಗಿ ಚಿಮ್ಮುತ್ತಿತ್ತು, ಛಾವಣಿಯಿಂದ ಸೋನೆಮಳೆಯಾಗಿ ಉದುರುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ನಮ್ಮ ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟುವುದನ್ನು ಬಲ್ಲವರು ಈ ಕಲ್ಪನೆಯ ಬೆಲೆಯನ್ನು ಬಲ್ಲರು. ಹೊರಗೆ ಕೆಂಡ, ಒಳಗೆ ಶ್ರಾವಣ.

ಬೆರ್ನಿನಿಯ ಕೃತಿಯೊಡನೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ರೋಮಿನಲ್ಲಿ ನೀರು ಶಿಲ್ಪದ ಜೊತೆಗಾರ. ಒಂದು ದಿನ ನೀರು ನಿಂತರೂ ನದಿಗಳು ಕುಳಿತೇ ಇರುತ್ತವೆ, ಸ್ತಂಭ ನಿಂತೇ ಇರುತ್ತದೆ, ಜನ ನೋಡಲು ಬಂದೇ ಬರುತ್ತಾರೆ. ಕುಮಟಗಿಯಲ್ಲಿ ನೀರನ್ನು ಬಿಟ್ಟು ನೋಡುವಂಥ ವಿಗ್ರಹವಿಲ್ಲ, ಕಥೆ ಹೇಳುವ ಲಾಂಛನವಿಲ್ಲ. ಅಲ್ಲಿಯ ಕಲಾಕಾರನು ನೀರನ್ನು ಕಣ್ಣಿಗಾಗಿ ಅಲ್ಲ, ಚರ್ಮಕ್ಕಾಗಿ ಮತ್ತು ಕಿವಿಗಾಗಿ ರೂಪಿಸಿದ. ಕಲೆಯ ದೃಷ್ಟಿಯಿಂದ ನಾನು ಕುಮಟಗಿಯನ್ನು ಕಡಿಮೆಯೆಂದು ಎಣಿಸಲಾರೆ. ಅಲ್ಲಿ ಆಡಂಬರವಿಲ್ಲ, ಇಡೀ ಜಾಣ್ಮೆ ಗೋಡೆಯೊಳಗಿನ ಕೊಳವೆಯಲ್ಲಿ ಅಡಗಿದೆ.

ಆದರೆ ಆ ನೀರು ಎಲ್ಲಿಗೆ ಹೋಗುತ್ತಿತ್ತು? ಅರಸನ ವಿಹಾರದ ಆವರಣದೊಳಗೆ ಚಿಮ್ಮಿ, ಅರಸನ ಬಳಗವನ್ನು ತಣಿಸಿ, ಅವರ ಹೊಂಡಕ್ಕೇ ಬೀಳುತ್ತಿತ್ತು. ಕೆರೆಯಿಂದ ನೀರೆತ್ತಿದವರು ಆ ಸೋನೆಮಳೆಯ ಕೆಳಗೆ ನಿಲ್ಲುವವರಾಗಿರಲಿಲ್ಲ. 1686ರಲ್ಲಿ ಔರಂಗಜೇಬನ ಸೇನೆಗೆ ವಿಜಯಪುರ ಸೋತಾಗ ಅರಸು ಹೋಯಿತು. ಅರಸು ಹೋದ ಮೇಲೆ ಆ ನೀರನ್ನು ಬೇಕೆನ್ನುವವರೇ ಉಳಿಯಲಿಲ್ಲ. ಇಂದು ನಾವು ನೋಡುವುದು ಮೂಕವಾದ ಮಂಟಪಗಳನ್ನು. ಒಂದು ಮನೆತನಕ್ಕಾಗಿ ಮಾತ್ರ ಚಿಮ್ಮಿದ ನೀರು ಆ ಮನೆತನದೊಡನೆಯೇ ಬತ್ತಿತು.

ಇಲ್ಲಿಗೆ ಮಾತು ಮುಗಿಸಿದರೆ ಆದಿಲ್‌ಶಾಹಿಗಳಿಗೆ ಅನ್ಯಾಯವಾದೀತು. ಬೆರ್ನಿನಿಯ ಕಾರಂಜಿ ಮುಗಿದ ಅದೇ 1651ರಲ್ಲಿ ವಿಜಯಪುರದ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆ ಸಿದ್ಧವಾಯಿತು. ಗೋಳಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್‌ಶಾಹನೇ ಅದನ್ನು ಜಹಾನ್ ಬೇಗಂ ಹೆಸರಿನಲ್ಲಿ ಕಟ್ಟಿಸಿದ. ಅದರ ವಿಸ್ತಾರ 234 ಎಕರೆ. ಕೆರೆಯ ಪಕ್ಕದ ನೆಲದಡಿಯ ಕೋಣೆಯಿಂದ ಹೊರಟ ಮಣ್ಣಿನ ಕೊಳವೆಗಳಿಗೆ ಗಾರೆ ಕಲ್ಲಿನ ಕವಚ ಹಾಕಿ, ಆಳದಲ್ಲಿ ಹೂತು, ನಗರಕ್ಕೆ ಕುಡಿಯುವ ನೀರನ್ನು ಒಯ್ದರು. ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ಗೋಪುರಗಳನ್ನು ಕಟ್ಟಿದರು. ಅವಕ್ಕೆ ಗಂಜ್ ಎಂದು ಹೆಸರು. ನೀರು ಗೋಪುರದಲ್ಲಿ ಏರಿ ತನ್ನ ಒತ್ತಡವನ್ನು ಕಳೆದುಕೊಳ್ಳುತ್ತದೆ, ಕೊಳವೆ ಒಡೆಯುವುದಿಲ್ಲ. ಕೆಸರು ತಳದಲ್ಲಿ ಉಳಿಯುತ್ತದೆ, ತಿಳಿನೀರು ಮುಂದೆ ಹೋಗುತ್ತದೆ.

ವಿಜಯಪುರದಲ್ಲಿ ಉಳಿದಿರುವ ಗಂಜ್‌ಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರನ್ನು ನಾನು ಕಂಡಿಲ್ಲ. ಅವು ಮೊಂಡು ಕಲ್ಲುಗಂಬಗಳು, ಅಷ್ಟೇ. ಆದರೆ ಕುಮಟಗಿಯಲ್ಲಿ ಅರಸನ ತಲೆಯ ಮೇಲೆ ಮಳೆ ಸುರಿಸಿದ ವಿದ್ಯೆಯೇ ಇಲ್ಲಿ ಊರಿನ ದಾಹಕ್ಕೆ ದುಡಿಯಿತು. ನೀರನ್ನು ಎತ್ತರಕ್ಕೆ ಒಯ್ದು ಇಳಿಸುವ ಲೆಕ್ಕ ಎರಡೂ ಕಡೆ ಒಂದೇ. ಒಂದು ಕಡೆ ಅದು ಚಿಮ್ಮಿತು, ಇನ್ನೊಂದು ಕಡೆ ಕಣ್ಣಿಗೆ ಬೀಳದೆ ಮನೆಮನೆಗೆ ನಡೆಯಿತು. ಗಂಜ್‌ಗಳನ್ನು ಕಟ್ಟಿದ ಮೇಸ್ತ್ರಿಗಳ ಹೆಸರನ್ನು ಯಾವ ಮಾರ್ಗದರ್ಶಕನೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಬೆರ್ನಿನಿಯ ಪಕ್ಕದಲ್ಲಿ ನಿಲ್ಲಿಸಬೇಕಾದವರು ಅವರು.

ರೋಮಿನಲ್ಲಿಯೂ ಹೀಗೆ ಹೆಸರಿಲ್ಲದ ಒಂದು ಕಾರಂಜಿಯಿದೆ. ಬೀದಿಬೀದಿಗಳಲ್ಲಿ ಸೊಂಟದೆತ್ತರದ ಎರಕದ ಕಬ್ಬಿಣದ ಕಂಬ, ಅದಕ್ಕೆ ಬಾಗಿದ ಒಂದು ನಳಿಕೆ. ಆ ನಳಿಕೆಯ ಆಕಾರದಿಂದ ಜನ ಅದನ್ನು ನಾಸೋನೆ, ಅಂದರೆ ದೊಡ್ಡ ಮೂಗಿನವನು, ಎಂದು ಕರೆಯುತ್ತಾರೆ. 1874ರಿಂದ ನಗರಾಡಳಿತ ಇವನ್ನು ನಿಲ್ಲಿಸುತ್ತ ಬಂತು. ಈಗ ಸುಮಾರು 2,500 ಇವೆ. ಯಾರು ಬೇಕಾದರೂ ಬಗ್ಗಿ ಕುಡಿಯಬಹುದು, ಕಾಸು ಕೊಡಬೇಕಾಗಿಲ್ಲ. ನಮ್ಮ ತಂಡದವರು ನವೋನಾ ಚೌಕದಲ್ಲಿ ಕಾರಂಜಿಯ ಚಿತ್ರ ತೆಗೆದರು; ಬಾಯಾರಿದಾಗ ಬಾಟಲಿ ತುಂಬಿಸಿಕೊಂಡದ್ದು ಮೂಗಿನವನ ಬಳಿ. ಅವನ ಚಿತ್ರವನ್ನು ಯಾರೂ ತೆಗೆಯಲಿಲ್ಲ.

ಆಗ ನನಗೆ ನೆನಪಾದದ್ದು ನಮ್ಮ ಅರವಟಿಗೆ. ಬೇಸಿಗೆ ಬಂತೆಂದರೆ ಯಾದಗಿರಿಯಲ್ಲಾಗಲಿ ಶಹಾಪುರದಲ್ಲಾಗಲಿ ರಸ್ತೆಯ ಬದಿಗೆ ಒಂದು ಚಪ್ಪರ, ಅದರ ಕೆಳಗೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಹರವಿಗಳು, ಅವಕ್ಕೆ ಸುತ್ತಿದ ಒದ್ದೆ ಬಟ್ಟೆ. ಕುಡಿಯುವವನ ಜಾತಿಮತವನ್ನು ಕೇಳದೆ ನೀರು ಕೊಡುವುದೇ ಅದರ ಧರ್ಮವಾಗಬೇಕು. ನೀರು ಮುಟ್ಟಿಸಿಕೊಳ್ಳದ ಕಾಲವನ್ನೂ ಈ ಸೀಮೆ ಕಂಡಿದೆ ಎಂಬುದನ್ನು ನಾವು ಮರೆಯಲಾಗದು. ಸಂತ ಯೊವಾನ್ನರ ಶುಭಸಂದೇಶದಲ್ಲಿ ಯೇಸುಸ್ವಾಮಿ ಬಾವಿಯ ಕಟ್ಟೆಯಲ್ಲಿ ಕುಳಿತು, ಯೆಹೂದ್ಯರು ನೀರು ಮುಟ್ಟದ ಕುಲದ ಸಮಾರಿಯದ ಹೆಂಗಸಿನ ಕೈಯಿಂದಲೇ ನೀರು ಕೇಳಿದ್ದನ್ನು ನಮ್ಮ ಜನಕ್ಕೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಪಟ್ಟಣಗಳ ವೃತ್ತಗಳಲ್ಲಿ ಕಾಣುವ ಕಾರಂಜಿಗಳ ಮಾತು. ಉದ್ಘಾಟನೆಯ ದಿನ ಬಣ್ಣದ ದೀಪ, ಚಪ್ಪಾಳೆ. ಸಣ್ಣ ತೊಟ್ಟಿಯ ಒಂದೇ ನೀರನ್ನು ಮೋಟಾರು ಮೇಲೆ ಎಸೆಯುತ್ತದೆ, ಅದು ಕೆಳಗೆ ಬೀಳುತ್ತದೆ, ಮೋಟಾರು ಮತ್ತೆ ಎಸೆಯುತ್ತದೆ. ಆ ನೀರು ಎಲ್ಲಿಂದಲೂ ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಮೋಟಾರು ಸುಟ್ಟ ದಿನ ಕಾರಂಜಿ ಸಾಯುತ್ತದೆ. ಆಮೇಲೆ ತೊಟ್ಟಿಯಲ್ಲಿ ಪ್ಲಾಸ್ಟಿಕ್ ಲೋಟ, ಸೊಳ್ಳೆ. ಅದು ನಿಂತುಹೋಯಿತೆಂದು ದೂರು ಕೊಡುವವರಿಲ್ಲ, ಏಕೆಂದರೆ ಅದರಿಂದ ಒಂದು ತಂಬಿಗೆ ನೀರನ್ನು ಯಾರೂ ತುಂಬಿಸಿಕೊಂಡಿರಲಿಲ್ಲ. ನಲ್ಲಿ ನಿಂತರೆ ಊರು ಗದ್ದಲ ಮಾಡುತ್ತದೆ. ಕಾರಂಜಿ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಜಿಲ್ಲೆಯ ಸ್ಥಿತಿಯೂ ಇಲ್ಲಿ ಪ್ರಸ್ತುತ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಬೆದ್ದಲು ಭೂಮಿಯಲ್ಲಿ ಬತ್ತದ ಗದ್ದೆಗಳನ್ನು ತಂದಿತು. ಆದರೆ ಕಾಲುವೆ ತಲುಪದ ಹಳ್ಳಿಗಳೂ ಇವೆ. ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶವಿದೆ. ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಹಲ್ಲು ಮೂಳೆಗಳನ್ನು ಕೆಡಿಸುತ್ತದೆ. ಬೇಸಿಗೆಯಲ್ಲಿ ನಮ್ಮ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ ಬೆಂಗಳೂರಿಗೂ ಹೈದರಾಬಾದಿಗೂ ಗಾರೆ ಕೆಲಸಕ್ಕೆ ಹೋಗುತ್ತವೆ. ಅಲ್ಲಿಯ ದೊಡ್ಡ ಕಟ್ಟಡಗಳ ಮುಂದಿನ ಕಾರಂಜಿಗಳಿಗೆ ಕಲ್ಲು ಹೊರುವವರಲ್ಲಿ ನಮ್ಮವರೂ ಇದ್ದಾರೆ. ಅವರು ಹಬ್ಬಕ್ಕೆ ಊರಿಗೆ ಬಂದಾಗ ತಮ್ಮ ದೇವಾಲಯದ ಅಂಗಳದಲ್ಲಿಯೂ ಕುಡಿಯಲು ಬಾರದ ಒಂದು ಕಾರಂಜಿಯನ್ನೇ ನೋಡಬೇಕೆ?

ನಾನು ಸೌಂದರ್ಯದ ವಿರೋಧಿಯಲ್ಲ. ಬಡವರಿಗೆ ಸೌಂದರ್ಯ ಬೇಡ, ನಲ್ಲಿ ಸಾಕು ಎನ್ನುವವರನ್ನು ನಾನು ನಂಬುವುದಿಲ್ಲ. ದಿನವಿಡೀ ಹೊಲದಲ್ಲಿ ಬೆಂದವಳಿಗೆ ನೀರು ಚಿಮ್ಮುವುದನ್ನು ಸುಮ್ಮನೆ ಕುಳಿತು ನೋಡುವ ಹಕ್ಕು ಪೋಪರಿಗಿರುವಷ್ಟೇ ಇದೆ. ಬೆರ್ನಿನಿಯ ಚರಿತ್ರೆಕಾರರು ಒಂದು ಪ್ರಸಂಗ ಬರೆದಿದ್ದಾರೆ. ಕೆಲಸ ನೋಡಲು ಬಂದ ಇನ್ನೊಸೆಂಟರಿಗೆ ನೀರು ಇನ್ನೂ ಸಿದ್ಧವಾಗಿಲ್ಲವೆಂದು ಅವನು ಹೇಳಿದನಂತೆ. ಅವರು ನಿರಾಶರಾಗಿ ಹೊರಟಾಗ ಹಿಂದಿನಿಂದ ನೀರು ಭೋರ್ಗರೆಯಿತು. ಆ ಸಂತೋಷ ತಮ್ಮ ಆಯುಷ್ಯಕ್ಕೆ ಹತ್ತು ವರ್ಷ ಸೇರಿಸಿತೆಂದು ವೃದ್ಧ ಪೋಪರು ಹೇಳಿದರಂತೆ. ಆ ಸಂತೋಷ ಸುಳ್ಳಲ್ಲ. ಕಲೆಯ ಕೆಲಸವೇ ಅದು. ಆದರೆ ಕ್ರಮವೊಂದಿದೆ: ಮೊದಲು ಕೊಡ ತುಂಬಬೇಕು, ತುಂಬಿ ಹೆಚ್ಚಾದದ್ದು ಚಿಮ್ಮಬೇಕು.

ಅಂದಿನ ಸಭೆಗೆ ಮರಳಿ ಬರುತ್ತೇನೆ. ಅಜ್ಜಿಯ ಪ್ರಶ್ನೆಯ ನಂತರ ಚರ್ಚೆ ಬಹಳ ಹೊತ್ತು ನಡೆಯಿತು. ರೋಮಿಗೆ ಹೋಗಿ ಬಂದ ಹಿರಿಯರು ಮೊದಲು ಮುನಿಸಿಕೊಂಡರು. ಆಮೇಲೆ ಅವರೇ ಕಾಗದ ತೆಗೆದುಕೊಂಡು ಗೆರೆ ಎಳೆಯತೊಡಗಿದರು. ಗವಿಯ ಮುಂದೆ ಚಿಕ್ಕದೊಂದು ಚಿಮ್ಮುಗೆ ಇರಲಿ. ಆದರೆ ಟ್ಯಾಂಕಿಯಿಂದ ಬರುವ ನೀರು ಮೊದಲು ಕಾಂಪೌಂಡ್ ಗೋಡೆಯ ಹೊರಮುಖಕ್ಕೆ, ಬಸ್ಸಿಗೆ ಕಾಯುವವರ ಕೈಗೆ ಸಿಗುವ ನಲ್ಲಿಗೆ ಹೋಗಲಿ. ಅದನ್ನು ಮೊದಲೇ ಪರೀಕ್ಷೆ ಮಾಡಿಸಿ ಶುದ್ಧೀಕರಿಸಬೇಕು. ನಲ್ಲಿಯ ಕೆಳಗೆ ಫರಸಿ ಕಲ್ಲಿನ ತೊಟ್ಟಿ, ದನಕರುಗಳಿಗೆ. ತೊಟ್ಟಿ ತುಂಬಿ ಹರಿದದ್ದು ಮಲ್ಲಿಗೆ ಬಳ್ಳಿಗೆ. ಉಳಿದ ಹಣದಲ್ಲಿ, ಉಳಿದ ನೀರಿನಲ್ಲಿ, ಹಬ್ಬದ ದಿನಗಳಲ್ಲಿ ಕಾರಂಜಿ ಚಿಮ್ಮಲಿ.

"ಗ್ವಾಡಿ ಹೊರಗ ನಲ್ಲಿ ಇಟ್ರ ಕಂಡವರೆಲ್ಲ ಬಂದು ಕುಡೀತಾರ" ಎಂದು ಯಾರೋ ಆಕ್ಷೇಪಿಸಿದರು. "ಕುಡೀಲಿ ಬಿಡಪ್ಪ, ಅದಕ್ಕಾಗೇ ಇಡೂದು" ಎಂದರು ಅಜ್ಜಿ. ಹಣ ಇನ್ನೂ ಪೂರ್ತಿ ಕೂಡಿಲ್ಲ. ಗವಿಯ ಪಾಯ ತೋಡುವ ಮೊದಲು ಕೊಳವೆಯ ಚರಂಡಿಯನ್ನು ಹೊರಗೋಡೆಯವರೆಗೆ ತೋಡಬೇಕೆಂದು ಮೇಸ್ತ್ರಿಗೆ ಹೇಳಿದ್ದಾಗಿದೆ.